ಸಮುದ್ರ ಕಾದವನು ತೂಬು ಕಾಯಲು ಬಂದದ್ದು

ಅಂಜನ್ ಕುಮಾರ್ ಇಪ್ಪತ್ತು ವರ್ಷ ನೌಕಾಪಡೆಯಲ್ಲಿದ್ದು ಊರಿಗೆ ಮರಳಿದಾಗ ಶಿರಾ ತಾಲ್ಲೂಕಿನ ಕರೇಕಲ್ಲಹಳ್ಳಿಯ ಜನ ಅವನನ್ನು ಎರಡು ಪ್ರಶ್ನೆ ಕೇಳಿದರು. ಹಡಗಿನಲ್ಲಿ ಕಕ್ಕಸಿಗೆ ಎಲ್ಲಿಗೆ ಹೋಗುತ್ತೀರಿ ಎಂಬುದು ಮೊದಲನೆಯದು. ಮಿಲ್ಟ್ರಿ ಕ್ಯಾಂಟೀನಿನ ಬಾಟ್ಲಿ ಏನಾದರೂ ಸಿಗುತ್ತದೆಯೇ ಎಂಬುದು ಎರಡನೆಯದು. ಮೂರನೆಯ ಪ್ರಶ್ನೆಗಾಗಿ ಅವನು ತಿಂಗಳುಗಟ್ಟಲೆ ಕಾದ, ಯಾರೂ ಕೇಳಲಿಲ್ಲ. ಕೆಂಪು ಸಮುದ್ರದ ಬಾಯಲ್ಲಿ ರಾಕೆಟ್ಟುಗಳು ಹಾರುತ್ತಿದ್ದಾಗ ಆ ಕಡೆ ಹೋಗಿಬಂದ ಯುದ್ಧನೌಕೆಯ ರೇಡಾರ್ ಕೋಣೆಯಲ್ಲಿ ಕೂತಿದ್ದವನು ತಾನು ಎಂದು ಹೇಳಿಕೊಳ್ಳಲು ಅವನ ನಾಲಿಗೆ ತುರಿಸುತ್ತಿತ್ತು. ಕೇಳುವವರೇ ಇಲ್ಲದ ಮೇಲೆ ಹೇಳುವುದು ಯಾರಿಗೆ? ಈ ಸೀಮೆಯವರು ಸಮುದ್ರ ನೋಡುವುದು ಪ್ರವಾಸ ಹೋದಾಗ. ಪ್ಯಾಂಟು ಮಡಿಸಿ, ಮೊಣಕಾಲುದ್ದ ನೀರಿನಲ್ಲಿ ಫೋಟೋ ತೆಗೆಸಿಕೊಂಡು, ಉಪ್ಪುಪ್ಪಾಗಿದೆ ಎಂದು ಬೈದು ವಾಪಸು ಬರುತ್ತಾರೆ.

ಮನುಷ್ಯನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಪಾಳಿಯ ಮೇಲೆ ಎದ್ದು ಪಾಳಿಯ ಮೇಲೆ ಮಲಗಿದ ಮೈ ಊರಿನ ಹಗಲಿಗೆ ಒಗ್ಗಲಿಲ್ಲ. ತುಮಕೂರಿನ ಕಡೆ ಒಂದು ಕಾರ್ಖಾನೆಯಲ್ಲಿ ಸೆಕ್ಯೂರಿಟಿ ಸೂಪರ್‌ವೈಸರ್ ಆಗಿ ಸೇರಿದ, ಬಿಟ್ಟ. ಕುರಿ ಸಾಕುತ್ತೇನೆಂದು ಶೆಡ್ಡು ಹಾಕಿಸಿದ, ಕುರಿ ತರುವ ಮೊದಲೇ ಆ ಹುಮ್ಮಸ್ಸು ಇಳಿಯಿತು. ಹೆಂಡತಿ ಸುನಿತಾ ತಾವರೆಕೆರೆ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಮೇಡಂ. ಬೆಳಿಗ್ಗೆ ಅವಳು ಸ್ಕೂಟಿ ಹತ್ತುವ ಹೊತ್ತಿಗೆ ಇವನು ಬಾಲ ಸುಟ್ಟ ಬೆಕ್ಕಿನ ಹಾಗೆ ಬೀದಿಯ ಆ ತುದಿಗೂ ಈ ತುದಿಗೂ ಓಡಾಡುತ್ತಿರುತ್ತಿದ್ದ. ನೋಡಲಾರದೆ ಅವಳು ಒಂದು ದಿನ, "ನಮ್ ಸ್ಕೂಲಿಗೆ ಬಂದು ಮಕ್ಕಳಿಗೆ ನಿಮ್ಮ ನೇವಿ ವಿಷ್ಯ ಹೇಳ್ರೀ" ಎಂದು ಕರೆದುಕೊಂಡು ಹೋದಳು.

ಅಂಜನ ಆ ದಿನ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹೋಗಿ, ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಎರಡು ದಡ ಬರೆದು, ನಡುವೆ ಒಂದು ಕಿರಿದಾದ ಸಂದಿ ಬಿಟ್ಟ. ನಿಮ್ಮ ಮನೆಯ ಗ್ಯಾಸು, ಒಗ್ಗರಣೆಯ ಎಣ್ಣೆ, ಹೊಲಕ್ಕೆ ಹಾಕುವ ಗೊಬ್ಬರ, ಎಲ್ಲದರಲ್ಲೂ ಒಂದಷ್ಟು ಇಂಥ ಸಂದಿಗಳಲ್ಲಿ ನುಸುಳಿ ಬರಬೇಕು ಎಂದ. ದೇಶಕ್ಕೆ ಎಷ್ಟೇ ಸೈನ್ಯವಿರಲಿ, ಸಮುದ್ರದ ದಾರಿ ತನ್ನ ಕೈಯಲ್ಲಿಲ್ಲದಿದ್ದರೆ ಅದು ಇನ್ನೊಬ್ಬರ ಬಾಗಿಲಲ್ಲಿ ನಿಂತ ಹಾಗೆಯೇ ಎಂದ. ಆಮೇಲೆ ಬೋರ್ಡಿನ ಸಂದಿಗೆ ಸೀಮೆಸುಣ್ಣ ಕುಟ್ಟಿ, "ಇಲ್ಲಿ ಯಾರು ನಿಲ್ತಾರೋ ಅವರು ಹೇಳಿದಂಗೆ ಲೋಕ ಕೇಳುತ್ತೆ" ಎಂದು ಮುಗಿಸಿದ. ಮಕ್ಕಳು ಚಪ್ಪಾಳೆ ತಟ್ಟಿದರು. ಎಷ್ಟೋ ದಿನದ ಮೇಲೆ ಅವನಿಗೆ ಅನ್ನ ರುಚಿಸಿತು.

ರಾತ್ರಿ ಊಟಕ್ಕೆ ಕೂತಾಗ ಇದನ್ನೆಲ್ಲ, ಕೆಂಪು ಸಮುದ್ರದ ರಾಕೆಟ್ಟುಗಳ ಸಮೇತ, ಅಪ್ಪನಿಗೂ ಹೇಳಿದ. ಅಪ್ಪ ಸಣ್ಣರಂಗಯ್ಯ ಮುದ್ದೆ ಮುರಿಯುತ್ತಾ ಕೇಳಿಸಿಕೊಂಡು, "ಅಲ್ಲಿ ನಿಂತೋನ್ಗೆ ಗದ್ದೆ ಐತೇನ್ಲಾ?" ಎಂದು ಕೇಳಿದ.

"ಸಮುದ್ರದಲ್ಲಿ ಎಂಥ ಗದ್ದೆಯಪ್ಪಾ" ಎಂದು ಅಂಜನ ರೇಗಿದ.

ಸಣ್ಣರಂಗಯ್ಯನಿಗೆ ಆ ಪ್ರಶ್ನೆ ಹುಟ್ಟಿದ್ದಕ್ಕೆ ಕಾರಣವಿತ್ತು. ಅವನು ಆ ಊರ ಕೆರೆಯ ನೀರುಗಂಟಿ. ಅವನಪ್ಪನೂ ನೀರುಗಂಟಿ, ಅವನ ಅಜ್ಜನೂ ನೀರುಗಂಟಿ. ಕೆರೆಯ ತೂಬು ಎತ್ತುವವನು, ಇಳಿಸುವವನು, ಕಾಲುವೆಯಲ್ಲಿ ನೀರಿನ ಜೊತೆಗೇ ನಡೆದು ಗದ್ದೆಗದ್ದೆಗೆ ತಿರುಗಿಸುವವನು ಅವನೇ. ನೀರುಗಂಟಿಯನ್ನು ಬಿಟ್ಟು ಬೇರೆಯವರು ತೂಬು ಮುಟ್ಟುವಂತಿರಲಿಲ್ಲ. ಕೇಳುವುದಕ್ಕೆ ಎಂಥ ದೊಡ್ಡ ಅಧಿಕಾರ! ಆದರೆ ಎತ್ತು ಎಂದಾಗ ಎತ್ತಬೇಕು, ಇಳಿಸು ಎಂದಾಗ ಇಳಿಸಬೇಕು, ಏರಿಯ ಮೇಲಿನಿಂದ "ಲೇ ರಂಗಾ" ಎಂದು ಮೀಸೆ ಮೂಡದ ಹುಡುಗನೊಬ್ಬ ಕೂಗಿದರೂ ಓಡಬೇಕು. ಊರಿಗೆಲ್ಲ ನೀರು ಹಾಯಿಸಿದವನಿಗೆ ಆ ಅಚ್ಚುಕಟ್ಟಿನಲ್ಲಿ ಅಂಗೈಯಗಲ ಗದ್ದೆ ಇರಲಿಲ್ಲ. ಎಷ್ಟೋ ವರ್ಷದ ಮೇಲೆ ಕಾಲೋನಿಯವರಿಗೆ ಮಂಜೂರಾದದ್ದು ಕಾಲುವೆಯ ಕಟ್ಟಕಡೆಯ ತುಂಡುಗಳು. ಅದರಲ್ಲಿ ಅರ್ಧ ಎಕರೆ ಅಂಜನನ ಅಕ್ಕ ಚಿಕ್ಕಹನುಮಕ್ಕನ ಪಾಲಿನದು. ಗಂಡ ತೀರಿಕೊಂಡ ಮೇಲೆ ಅವಳು ಮಕ್ಕಳನ್ನು ಕಟ್ಟಿಕೊಂಡು ಅದರಲ್ಲೇ ರಾಗಿಯೋ ಹುರುಳಿಯೋ ಚೆಲ್ಲಿ ಬದುಕಿದ್ದಳು.

ಕೆರೆ ಹಲವು ವರ್ಷ ಒಣಗಿ, ನೀರುಗಂಟಿ ಎಂಬ ಮಾತೇ ಮರೆತುಹೋಗಿತ್ತು. ಅಂಜನ ಬಂದ ವರ್ಷ ಮಳೆ ಹುಚ್ಚೆದ್ದು ಹೊಡೆದು, ಕೆರೆ ತುಂಬಿ ಕೋಡಿ ಬಿತ್ತು. ಊರಿಗೆ ಊರೇ ಏರಿಯ ಮೇಲೆ ನಿಂತು ನೋಡಿತು. ತೂಬಿನ ಹತ್ತಿರದ ಮೇಲ್ಗದ್ದೆಯವರು ನಾಟಿ ಹಾಕಿದರು, ಅವರನ್ನು ನೋಡಿ ಕಡೆಗದ್ದೆಯವರೂ ಹಾಕಿದರು. ಚಿಕ್ಕಹನುಮಕ್ಕ ತನ್ನ ಜೀವಮಾನದಲ್ಲಿ ಮೊದಲ ಸಲ ಸ್ವಂತ ಗದ್ದೆಯಲ್ಲಿ ಭತ್ತದ ಪೈರು ಊರಿದಳು. ಕೂಲಿಗೆ ಎಷ್ಟು ನಾಟಿ ಮಾಡಿದ್ದಳೋ ಲೆಕ್ಕವಿಲ್ಲ, ಇದು ಮಾತ್ರ ತನ್ನದು. ದಿನಾ ಹೋಗಿ ಬದುವಿನ ಮೇಲೆ ಕೂತು ಪೈರನ್ನು ನೋಡುವುದೇ ಅವಳಿಗೊಂದು ಕೆಲಸವಾಯಿತು.

ಈಗ ತೂಬು ನೋಡುವವರು ಬೇಕಲ್ಲ? ಕೆರೆ ಸಂಘದವರು ಸಭೆ ಸೇರಿ ಕೇಳಿದರೆ ಒಬ್ಬರೂ ಕೈ ಎತ್ತಲಿಲ್ಲ. ಆ ಕೆಲಸಕ್ಕೆ ಅಂಟಿದ್ದ ಹೆಸರು ಎಲ್ಲರಿಗೂ ಗೊತ್ತಿತ್ತು. ಕೊನೆಗೆ ಹಿಂದಿನ ಸಾಲಿನಿಂದ ಅಂಜನ ಎದ್ದು, "ನಾನು ನೋಡ್ಕೊಳ್ತೀನಿ" ಎಂದ. ಸಭೆ ಒಂದು ಗಳಿಗೆ ತಬ್ಬಿಬ್ಬಾಯಿತು. ಮೇಲ್ಗದ್ದೆಯ ದೊಡ್ಡ ಕುಳ ಲಕ್ಷ್ಮೀಪತಿ ಮಾತ್ರ ನಗುತ್ತಾ, "ಒಳ್ಳೇದೇ ಆಯ್ತು ಬುಡಪ್ಪಾ ನೇವಿ, ನಿಮ್ಮನೆ ಕೆಲ್ಸ ನಿಮ್ಮನೇಗೇ ಬಂತು" ಎಂದ.

ಸುನಿತಾ ಆ ಸಂಜೆ ಬ್ಯಾಗು ಬಿಸಾಡಿದ ರಭಸಕ್ಕೆ ಗೋಡೆಯ ಮೇಲಿದ್ದ ಬುದ್ಧನ ಪಟ ಓರೆಯಾಯಿತು. "ನಿಮ್ ತಲೆ ಕೆಟ್ಟಿದೆಯೇನ್ರೀ? ನಮ್ಮಪ್ಪ ಚರ್ಮ ಸುಲಿದು ನನ್ನನ್ನ ಓದಿಸಿದ್ದು, ನಿಮ್ಮಪ್ಪ ಓಡಿ ಓಡಿ ನಿಮ್ಮನ್ನ ಓದಿಸಿದ್ದು, ಮತ್ತೆ ಇದಕ್ಕೇ ಬಂದು ಬೀಳೋಕಾ? ನಾಳೆ ನನ್ ಕ್ಲಾಸಿನ ಮಕ್ಕಳ ಮುಂದೆ ನಿಮ್ಮನ್ನ ಲೇ ಅಂತ ಕೂಗಿದ್ರೆ ನಾನೆಲ್ಲಿ ಮುಖ ಇಟ್ಕೊಳ್ಲಿ?"

"ಯಾರೂ ಕೂಗಲ್ಲ. ಅಪ್ಪನ ಕೈಲಿ ತೂಬಿತ್ತು, ಅದನ್ನ ಹೆಂಗೆ ಹಿಡೀಬೇಕು ಅಂತ ಗೊತ್ತಿರಲಿಲ್ಲ. ನನಗೆ ಗೊತ್ತು" ಎಂದ ಅಂಜನ. ಅವನ ದನಿಯಲ್ಲಿ ಅಹಂಕಾರವಿತ್ತು, ಸುಳ್ಳೇಕೆ ಹೇಳಬೇಕು. ಇಷ್ಟು ತಿಂಗಳು ಕಾಲು ನಿಲ್ಲದೆ ಅಲೆದವನಿಗೆ ಒಂದು ಜಾಗ ಸಿಕ್ಕಿತ್ತು, ಆ ಜಾಗದಲ್ಲಿ ನಿಂತು ಊರನ್ನೇ ತಿದ್ದುತ್ತೇನೆಂದು ಅವನು ನಂಬಿದ್ದ.

ಮೊದಮೊದಲು ಎಲ್ಲ ಸರಿಯಾಗಿತ್ತು. ಸಂಘದಲ್ಲಿ ಕೂತು ಸರದಿ ಮಾಡಿದ್ದರು. ಕಡೆಗದ್ದೆಗೆ ಮೊದಲು, ಆಮೇಲೆ ನಡುವಿನವರಿಗೆ, ಕೊನೆಗೆ ತೂಬಿನ ಬುಡದವರಿಗೆ. ಲಕ್ಷ್ಮೀಪತಿಯೂ ಅದಕ್ಕೆ ರುಜು ಹಾಕಿದ್ದ. ಬಿಸಿಲೇರುತ್ತಾ ಬಂದಂತೆ ಆ ರುಜುಗಳೆಲ್ಲ ಸಡಿಲವಾದವು. ಅಂಜನ ತೂಬೆತ್ತಿ ನೀರಿನ ಹಿಂದೆ ಒಂದು ಫರ್ಲಾಂಗು ನಡೆಯುವುದರೊಳಗೆ ಹಿಂದುಗಡೆ ಯಾರೋ ಗುದ್ದಲಿಯಲ್ಲಿ ತಮ್ಮ ಗದ್ದೆಯ ಬಾಯಿ ತೆರೆದಿರುತ್ತಿದ್ದರು. ಅದನ್ನು ಮುಚ್ಚಲು ಹಿಂದೆ ಓಡಿದರೆ ಮುಂದೆ ಇನ್ನೊಬ್ಬರು. ಕೇಳಿದರೆ, ಏಡಿ ಬಿಲ ತೋಡಿರಬೇಕು ಎನ್ನುತ್ತಿದ್ದರು. ಆ ಊರಿನ ಏಡಿಗಳು ಗುದ್ದಲಿ ಹಿಡಿಯುವುದನ್ನು ಯಾವಾಗ ಕಲಿತವೋ! ಕಾಲುವೆಯ ಕೊನೆಗೆ ಬರುವಷ್ಟರಲ್ಲಿ ನೀರು ಹೋಗಿ ಕೆಸರಾಗಿ, ಕೆಸರು ಹೋಗಿ ಬಿರುಕಾಗುತ್ತಿತ್ತು.

ಚಿಕ್ಕಹನುಮಕ್ಕನ ಪೈರು ಆಗ ಹೊಡೆ ಕಟ್ಟುತ್ತಿತ್ತು. ತೆನೆ ಒಳಗಿಂದ ಹೊರಗೆ ಬರುವ ಹೊತ್ತು. ಆ ಹೊತ್ತಿನಲ್ಲಿ ನೀರು ತಪ್ಪಿದರೆ ಮೇಲೆ ಹಸಿರಾಗಿ ಕಂಡರೂ ಒಳಗೆ ಜೊಳ್ಳು. ಅವಳು ತಮ್ಮನ ಕೈ ಹಿಡಿದುಕೊಂಡು, "ಒಂದೇ ಒಂದ್ ನೀರು ಕಣ್ಲಾ ಅಂಜ, ಒಂದ್ ತುಂಬು ನೀರು ಹಾಯ್ಸಿಬುಡು, ಇನ್ನೇನೂ ಕೇಳಕಿಲ್ಲ" ಎಂದಳು.

ಅಂಜನನಿಗೆ ತಲೆ ಕಾದುಹೋಯಿತು. ಮರುದಿನ ಬೆಳಿಗ್ಗೆ ತೂಬು ಪೂರ್ತಿ ಇಳಿಸಿ, ಅದರ ಕಬ್ಬಿಣದ ಚಕ್ರಕ್ಕೆ ಸರಪಳಿ ಸುತ್ತಿ, ಶಿರಾದಿಂದ ತಂದ ದೊಡ್ಡ ಬೀಗ ಜಡಿದ. ಅರಳಿಕಟ್ಟೆಗೆ ಬಂದು ಎಲ್ಲರಿಗೂ ಕೇಳುವಂತೆ ಹೇಳಿದ: "ಮೇಲ್ಗದ್ದೆಯವರು ಎಲ್ರೂ ಬಂದು, ಸರದಿ ತಪ್ಪಲ್ಲ ಅಂತ ಮಾತು ಕೊಡೋವರೆಗೂ ಒಂದು ಹನಿ ಬಿಡಲ್ಲ." ಯಾರೂ ಉಸಿರೆತ್ತಲಿಲ್ಲ. ಆ ಮೌನವನ್ನು ಅವನು ಭಯವೆಂದುಕೊಂಡ. ಹಡಗಿನಲ್ಲಿ ಹೆಗಲಿಗೆ ಹೆಗಲು ಕೊಟ್ಟು ನಿಂತವರೆಲ್ಲ ಈಗ ತನ್ನನ್ನು ನೋಡಬೇಕಿತ್ತು ಎನಿಸಿತು.

ಒಂದು ದಿನ ಕಳೆಯಿತು, ಯಾರೂ ಬರಲಿಲ್ಲ. ಎರಡನೆಯ ದಿನವೂ ಬರಲಿಲ್ಲ. ಅಂಜನ ಏರಿಯ ಮೇಲೆ ಶತಪಥ ತಿರುಗುತ್ತಾ, ಕೈಯಲ್ಲಿ ಬೀಗದ ಕೈ ತಿರುಗಿಸುತ್ತಾ ಕಾದ. ಮೂರನೆಯ ದಿನ ಮಧ್ಯಾಹ್ನ ಲಕ್ಷ್ಮೀಪತಿಯ ಗದ್ದೆಯ ಕಡೆಯಿಂದ ಮೋಟರಿನ ಸದ್ದು ಕೇಳಿಸಿತು. ಹೋಗಿ ನೋಡಿದರೆ ಬೋರ್‌ವೆಲ್ಲಿನ ಪೈಪಿನಿಂದ ನೀರು ಬುಳುಬುಳು ಸುರಿಯುತ್ತಿತ್ತು. ಪಕ್ಕದವನಿಗೂ ಬೋರ್‌ವೆಲ್, ಅದರಾಚೆಯವನಿಗೂ ಬೋರ್‌ವೆಲ್. ಕೆರೆ ತುಂಬಿದ್ದರಿಂದ ಎಲ್ಲಾ ಬೋರುಗಳಲ್ಲೂ ನೀರು ಮೇಲೆದ್ದಿತ್ತು. ಲಕ್ಷ್ಮೀಪತಿ ನೆರಳಲ್ಲಿ ಕೂತು ಎಲೆ ಅಡಿಕೆ ಹಾಕುತ್ತಾ, "ಬಾರಪ್ಪಾ ನೇವಿ, ಮಜ್ಜಿಗೆ ಕುಡಿ. ಬಿಸ್ಲಲ್ಲಿ ಎಷ್ಟೊತ್ತು ಬೀಗ ಕಾಯ್ತೀಯಾ?" ಎಂದ.

ಅವನು ಅಲ್ಲಿಂದ ಸೀದಾ ಕಡೆಗದ್ದೆಗೆ ಓಡಿದ. ಮೂರು ದಿನದಿಂದ ಅತ್ತ ಹೋಗಿರಲೇ ಇಲ್ಲ. ಚಿಕ್ಕಹನುಮಕ್ಕ ಬದುವಿನ ಮೇಲೆ ಕಾಲು ಚಾಚಿ ಕೂತಿದ್ದಳು. ಗದ್ದೆಯ ಎತ್ತರದ ಭಾಗದಲ್ಲಿ ಗರಿಗಳು ಸುರುಳಿ ಸುತ್ತಿಕೊಂಡಿದ್ದವು.

"ಯಾರಿಗ್ ಹಾಕ್ದೆ ಬೀಗ?" ಎಂದಳು ಅಕ್ಕ, ಅವನ ಮುಖವನ್ನೂ ನೋಡದೆ. "ಅವ್ರಿಗೆ ಬೋರೈತೆ. ನನ್ಗೆ ನೀನಿದ್ದೆ. ನನ್ಗೇ ಹಾಕಿದ್ಯಲ್ಲೋ ಮೂಳ."

ಅವಳು ಅಳಲಿಲ್ಲ. ಅತ್ತಿದ್ದರೆ ಅವನಿಗೆ ಸಮಾಧಾನ ಹೇಳಲಾದರೂ ಬಾಯಿ ಬರುತ್ತಿತ್ತೇನೋ. ನಾಚಿಕೆಯಿಂದ ಅವನ ಕಿವಿ ಕೆಂಪಾಯಿತು, ಕೈಯಲ್ಲಿದ್ದ ಬೀಗದ ಕೈಯನ್ನು ಕಾಲುವೆಗೆ ಎಸೆಯಬೇಕೆನಿಸಿತು. ಎಸೆದಿದ್ದರೆ ತೂಬು ತೆರೆಯುವುದು ಹೇಗೆ ಎಂಬಷ್ಟು ಬುದ್ಧಿ ಇನ್ನೂ ಉಳಿದಿತ್ತು.

ಮನೆಗೆ ಬಂದು ಜಗಲಿಯ ಮೇಲೆ ಕುಸಿದು ಕೂತ ಮಗನನ್ನು ಸಣ್ಣರಂಗಯ್ಯ ನೋಡಿ, ನೀರಿನ ಚೊಂಬು ಮುಂದಿಟ್ಟ. ಆಮೇಲೆ, "ನಿಮ್ ಸಮುದ್ರದ್ ಸಂದೀಲಿ ರಾಕೆಟ್ ಬುಡ್ತಿದ್ರಲ್ಲ, ಅವ್ರು ಎಷ್ಟ್ ಜನ?" ಎಂದು ಕೇಳಿದ.

"ಜಾಸ್ತಿ ಇಲ್ಲ. ಗುಡ್ಡದ ಮೇಲೆ ಬೆರಳೆಣಿಕೆ ಜನ ಕೂತ್ಕೊಂಡ್ರೂ ಸಾಕು, ಹಡಗಿನೋರೆಲ್ಲ ಹೆದರ್ತಾರೆ."

"ಅಂಗಾರೆ ಹಡಗು ನಿಂತೋದ್ವಾ?"

"ಇಲ್ಲ. ದುಡ್ಡಿದ್ದೋರು ಆಫ್ರಿಕಾ ಸುತ್ತಿಸಿಕೊಂಡು ಹೋದ್ರು. ಸುತ್ತಾಕಕ್ಕೆ ಆಗ್ದೇ ಇದ್ದೋರು..." ಅಂಜನ ಅಲ್ಲಿಗೆ ನಿಲ್ಲಿಸಿದ. ಅವನು ರೇಡಾರಿನಲ್ಲಿ ಕಂಡ ಚುಕ್ಕೆಗಳಲ್ಲಿ ಎಷ್ಟೋ ಅಂಥವೇ ಇದ್ದವು. ಸಣ್ಣ ದೇಶಗಳ ಹಳೆಯ ಹಡಗುಗಳು, ಅಕ್ಕಿಯದು, ಗೊಬ್ಬರದ್ದು. ಅವಕ್ಕೆ ಬೇರೆ ದಾರಿ ಇರಲಿಲ್ಲ.

"ನೀನ್ ಅಲ್ಲೇನ್ ಮಾಡ್ತಿದ್ದೆ? ಮುಚ್ತಿದ್ಯಾ?"

"ಇಲ್ಲಪ್ಪ. ಜೊತೇಲಿ ಹೋಗ್ತಿದ್ವಿ. ಹಡಗಿನ ಪಕ್ಕಪಕ್ಕದಲ್ಲೇ, ಸಂದಿ ದಾಟೋವರೆಗೂ."

"ಒಬ್ನೇ ಹೋಗ್ತಿದ್ಯಾ?"

ಅಂಜನ ತಲೆ ಎತ್ತಿ ಅಪ್ಪನನ್ನು ನೋಡಿದ. ಆ ನೌಕೆಯಲ್ಲಿ ಮುನ್ನೂರು ಜನರಿದ್ದರು. ಅವರ ಹಿಂದೆ ಎಣ್ಣೆ ತುಂಬಿಸುವ ಇನ್ನೊಂದು ಹಡಗು, ಅದರ ಹಿಂದೆ ಬಂದರು, ಬಂದರಿನ ಹಿಂದೆ ಒಂದು ದೇಶ. ಮುಚ್ಚುವ ಕೆಲಸ ಸುಲಭ. ತೆರೆದದ್ದನ್ನು ತೆರೆದೇ ಇಡುವುದಕ್ಕೆ ಇಷ್ಟೆಲ್ಲ ಬೇಕಾಗಿತ್ತು. ಇಪ್ಪತ್ತು ವರ್ಷ ಅದೇ ಕೆಲಸ ಮಾಡಿ, ಊರಿಗೆ ಬಂದು ಗುಡ್ಡದ ಮೇಲೆ ಕೂತವನ ಕೆಲಸಕ್ಕೆ ಇಳಿದಿದ್ದೆನಲ್ಲ ಎಂದು ತನ್ನನ್ನು ತಾನೇ ಶಪಿಸಿಕೊಂಡ.

"ನನ್ತಾವ ಜನ ಇರ್ಲಿಲ್ಲ ಕಣ್ಲಾ" ಎಂದ ಸಣ್ಣರಂಗಯ್ಯ. "ತೂಬೊಂದೇ ಇದ್ದಿದ್ದು."

ಅಂಜನ ಆ ಸಂಜೆಯೇ ಕಾಲೋನಿಯ ಮನೆಮನೆಗೆ ಹೋದ. ಕಡೆಗದ್ದೆ ಇದ್ದವರೆಲ್ಲ ನಾಳೆ ಭಾನುವಾರ ಬೆಳಿಗ್ಗೆ ಬರಬೇಕು, ಕಾಲುವೆಯುದ್ದಕ್ಕೂ ಒಂದೊಂದು ಗದ್ದೆಯ ಬಾಯಿಗೆ ಒಬ್ಬೊಬ್ಬರು ಕೂರಬೇಕು, ಜಗಳವಾಡಬಾರದು, ಎದ್ದೂ ಹೋಗಬಾರದು ಎಂದ. ಜನ ಹಿಂದೆಮುಂದೆ ನೋಡಿದರು. ಮೇಲ್ಗದ್ದೆಯ ಬದುವಿನ ಮೇಲೆ ಕೂಲಿಗಲ್ಲದೆ ಕಾಲಿಟ್ಟವರು ಅವರಲ್ಲಿ ಯಾರೂ ಇರಲಿಲ್ಲ. ಮುಂದೊಂದು ದಿನ ಕೂಲಿಗೆ ಕರೆಯದಿದ್ದರೆ? ಹಾಗೂ ಹೀಗೂ ಒಬ್ಬೊಬ್ಬರಾಗಿ ಹೂಂ ಎಂದರು. ಆದರೆ ತೂಬಿನ ಬುಡದಲ್ಲೇ ಇದ್ದ ಲಕ್ಷ್ಮೀಪತಿಯ ಗದ್ದೆಯ ಬಾಯಿಗೆ ಕೂರುತ್ತೇನೆಂದು ಯಾರೂ ಹೇಳಲಿಲ್ಲ.

ಬೆಳಿಗ್ಗೆ ಅಂಜನ ಸರಪಳಿ ಬಿಚ್ಚುತ್ತಿದ್ದಾಗ ಸುನಿತಾ ಕೊಡೆ ಹಿಡಿದುಕೊಂಡು ಏರಿಯ ಮೇಲೆ ಬರುವುದು ಕಂಡಿತು. ಅವನು ಬೀಗ ಜಡಿದಂದಿನಿಂದ ಅವಳು ಅವನೊಡನೆ ಮಾತು ಬಿಟ್ಟಿದ್ದಳು. "ನಿಮಗೋಸ್ಕರ ಬಂದಿಲ್ಲ" ಎಂದಳು. "ಅಕ್ಕ ನಿನ್ನೆ ಊಟ ಮಾಡಿಲ್ಲ, ಅದಕ್ಕೆ ಬಂದಿದ್ದೀನಿ. ಎಲ್ಲಿ ಕೂರ್ಬೇಕು ಹೇಳಿ."

ನೀರು ಕಾಲುವೆಗೆ ಇಳಿಯಿತು. ಅಂಜನ ಅದರ ಜೊತೆ ಹೆಜ್ಜೆ ಹಾಕಿದ. ಅವನು ಮೊದಲ ತಿರುವು ದಾಟುವಷ್ಟರಲ್ಲಿ ಲಕ್ಷ್ಮೀಪತಿ ಗುದ್ದಲಿ ಹೆಗಲಿಗೇರಿಸಿಕೊಂಡು ಬಂದ. ಬಂದವನು ಕೊಡೆಯ ಕೆಳಗೆ ಕಾಲುವೆ ಬದುವಿನ ಮೇಲೆ ಕೂತಿದ್ದವಳನ್ನು ನೋಡಿ ಗಕ್ಕನೆ ನಿಂತ. ಅವನ ಮೊಮ್ಮಗಳು ಸುನಿತಾಳ ಕ್ಲಾಸಿನಲ್ಲೇ ಓದುತ್ತಿದ್ದಳು.

"ಏನ್ ಮೇಡಂ, ನೀವಿಲ್ಲಿ?"

"ನೀರು ಹೋಗ್ತಾ ಇದೆಯಲ್ಲ ಸಾರ್, ನೋಡ್ತಾ ಕೂತಿದ್ದೀನಿ."

"ನಮ್ ಗದ್ದೆಗೂ ಒಸಿ ಬುಡ್ಬೇಕಲ್ಲ."

"ಬಿಡ್ತಾರೆ. ಕಡೆಗದ್ದೆ ತುಂಬಿದ್ಮೇಲೆ ಸರದಿ ಪ್ರಕಾರ."

ಲಕ್ಷ್ಮೀಪತಿಯ ಮುಖ ಬಿಗಿಯಿತು. "ನಮ್ ಗದ್ದೆಗೆ ಸರದಿ ಹೇಳೋರು ನೀವಾ?"

ಸುನಿತಾ ಎದ್ದು ನಿಂತಳು. "ನಾನಲ್ಲ. ನೀವೇ ಕೂತು ಮಾಡಿದ್ದು. ನಿಮ್ಮ ರುಜು ಇದೆ."

ಅವನು ಗುದ್ದಲಿಯನ್ನು ಹೆಗಲಿಂದ ಇಳಿಸಿದ. ಕಾಲುವೆಯ ಉದ್ದಕ್ಕೂ ಕಣ್ಣಾಡಿಸಿದ. ಒಂದೊಂದು ಬಾಯಿಗೆ ಒಬ್ಬೊಬ್ಬರು, ಬಹಳ ಮಂದಿ ಹೆಂಗಸರು, ತಲೆಯ ಮೇಲೆ ಸೆರಗು ಹೊದ್ದು ಕೂತಿದ್ದರು. ಎಲ್ಲರೂ ಇತ್ತಲೇ ನೋಡುತ್ತಿದ್ದರು. ಲಕ್ಷ್ಮೀಪತಿ ಗುದ್ದಲಿಯನ್ನು ಮತ್ತೆ ಹೆಗಲಿಗೇರಿಸಿಕೊಂಡು, "ಬಿಸ್ಲು ಜಾಸ್ತಿ ಐತೆ. ಆ ನೆಳ್ಳಿಗ್ ಕೂತ್ಕಳಿ" ಎಂದು ಹೇಳಿ ಬಂದ ದಾರಿಯಲ್ಲೇ ಹೋದ. ಅದು ಮರ್ಯಾದೆಯೋ ಕೊಂಕೋ ತಿಳಿಯದೆ ಸುನಿತಾಗೆ ಸಂಜೆಯವರೆಗೂ ಸಿಟ್ಟು ಇಳಿಯಲಿಲ್ಲ. ನೆರಳಿಗಂತೂ ಹೋಗಲಿಲ್ಲ.

ಹೊತ್ತು ನೆತ್ತಿಗೇರುವಷ್ಟರಲ್ಲಿ ನೀರು ಕಡೆಗದ್ದೆ ಮುಟ್ಟಿತು. ಬಿರುಕುಗಳು ಗುಟುಗುಟು ಕುಡಿದವು. ಅಂಜನ ಮೊಣಕಾಲವರೆಗೂ ಕೆಸರು ಮೆತ್ತಿಕೊಂಡು ಅಕ್ಕನ ಗದ್ದೆಯ ಬಾಯಲ್ಲಿ ನಿಂತು, ಆ ಸದ್ದು ಕೇಳುತ್ತಾ ಕಣ್ಣೊರೆಸಿಕೊಂಡ.

ಆದರೆ ಮೂರು ದಿನ ಮೂರು ದಿನವೇ. ಕೊಯ್ಲಿನ ಹೊತ್ತಿಗೆ ತಗ್ಗಿನ ಅರ್ಧ ಗದ್ದೆಯ ತೆನೆ ತೂಗಿ ಬಾಗಿತ್ತು. ಎತ್ತರದ ಅರ್ಧದ ತೆನೆ ನೆಟ್ಟಗೆ ನಿಂತಿತ್ತು. ನೆಟ್ಟಗೆ ನಿಂತ ತೆನೆಯಲ್ಲಿ ಕಾಳಿರುವುದಿಲ್ಲ, ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಕೊಯ್ಲಾದ ಮೇಲೆ ಗದ್ದೆಗೊಂದು ತೆನೆಯ ಕಟ್ಟು ನೀರುಗಂಟಿಗೆ ಕೊಡುವುದು ಹಿಂದಿನಿಂದ ಬಂದ ಕ್ರಮ. ಸಣ್ಣರಂಗಯ್ಯನ ಕಾಲದಲ್ಲಿ ಅದನ್ನು ಕಣದ ಆಚೆಗೆ ಎಸೆಯುತ್ತಿದ್ದರು, ಅವನು ಆಯ್ದುಕೊಳ್ಳುತ್ತಿದ್ದ. ಚಿಕ್ಕಹನುಮಕ್ಕ ತನ್ನ ಪಾಲಿನ ಕಟ್ಟನ್ನು ಎಸೆಯಲಿಲ್ಲ. ಎರಡೂ ಕೈಯಲ್ಲಿ ಎತ್ತಿಕೊಂಡು ಬಂದು ತಮ್ಮನ ಎದೆಗೆ ಒರಗಿಸಿದಳು. ಕಟ್ಟು ದೊಡ್ಡದಾಗಿತ್ತು, ಆದರೆ ಹಗುರವಾಗಿತ್ತು. ಅವನು ಒಂದು ತೆನೆ ಅಂಗೈಯಲ್ಲಿ ಉಜ್ಜಿ ಊದಿದ. ಎಲ್ಲವೂ ಹಾರಿಹೋಯಿತು.

"ಆ ತಗ್ಗಿಂದು ನನ್ ಮಕ್ಕಳಿಗೆ ಬೇಕು" ಎಂದಳು ಅಕ್ಕ. "ಇದು ನಿನ್ ಪಾಲು, ತಗಂಡೋಗು. ಕೊಡದೆ ಕಳಿಸ್ದೆ ಅನ್ನಬ್ಯಾಡ."

ನಗುತ್ತಿದ್ದಾಳೋ ಬೈಯುತ್ತಿದ್ದಾಳೋ ಎಂದು ಅಂಜನ ಅವಳ ಮುಖ ನೋಡಿದ. ಅವಳ ಕಣ್ಣಲ್ಲಿ ನೀರಿತ್ತು. ಅವನು ಆ ಕಟ್ಟನ್ನು ತಲೆಯ ಮೇಲೆ ಹೊತ್ತು, ಅಡ್ಡದಾರಿ ಹಿಡಿಯದೆ, ಊರ ನಡುವಿನ ಬೀದಿಯಲ್ಲೇ ಎಲ್ಲರೂ ನೋಡುತ್ತಿರುವಾಗ ಮನೆಗೆ ಹೋದ.